ಕ್ಲಿಕ್ಕಿಗೆ ಕಾಸು ನಿಮ್ಮದು, ಖಾತೆ ಯಾರದ್ದು?

ಹೊಲ ಲಾವಣಿಗೆ ಹಾಕಿಕೊಳ್ಳುವಾಗ ಉತಾರ ಯಾರ ಹೆಸರಲ್ಲಿದೆ ಎಂದು ಕೇಳದ ರೈತ ನಮ್ಮ ಕಡೆ ಇಲ್ಲ. ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವ ಹುಡುಗ ಕೂಡ ಮೊದಲು ಆರ್‌ಸಿ ತೋರಿಸು ಅನ್ನುತ್ತಾನೆ. ಅದೇ ಜನ ಗೂಗಲ್ ಜಾಹೀರಾತಿಗೆ ಅಂತ ತಿಂಗಳಿಗೆ ಎಂಟು ಹತ್ತು ಸಾವಿರ ಕೊಡುವಾಗ ಖಾತೆ ಯಾರ ಹೆಸರಲ್ಲಿದೆ ಎಂದು ಕೇಳುತ್ತಿಲ್ಲ. ಕೇಳಬೇಕು ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದವರೇ ಆ ಖಾತೆಯನ್ನು ತಮ್ಮ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ.

ನಾನು ಹೇಳುತ್ತಿರುವುದು ತಾಲ್ಲೂಕು ಪೇಟೆಗಳಲ್ಲಿ ಈಗ ಹುಟ್ಟಿಕೊಂಡಿರುವ ‘ಡಿಜಿಟಲ್ ಮಾರ್ಕೆಟಿಂಗ್’ ಏಜೆಂಟರ ಬಗ್ಗೆ. ಎಲ್ಲರೂ ಕೆಟ್ಟವರಲ್ಲ. ಕೆಲಸ ಕಲಿತು ಪ್ರಾಮಾಣಿಕವಾಗಿ ದುಡಿಯುವ ಹುಡುಗರು ಇದ್ದಾರೆ, ಅವರಲ್ಲಿ ಕೆಲವರು ನನ್ನ ಗೆಳೆಯರೇ. ಆದರೆ ದಂಧೆಯ ರೂಢಿ ಕೆಟ್ಟಿದೆ. ಅಂಗಡಿಗೆ ಬರುತ್ತಾರೆ, ಮೊಬೈಲಿನಲ್ಲಿ ಗೂಗಲ್ ತೆಗೆದು ‘ನಿಮ್ಮನ್ನ ನಂಬರ್ ಒನ್ ಮಾಡ್ತೀವಿ ಅಣ್ಣಾ’ ಅನ್ನುತ್ತಾರೆ, ಪ್ಯಾಕೇಜ್ ಹೇಳುತ್ತಾರೆ, ಮುಂಗಡ ಫೋನ್‌ಪೇ ಮಾಡಿಸಿಕೊಳ್ಳುತ್ತಾರೆ. ಆ ಪ್ಯಾಕೇಜಿನಲ್ಲಿ ಗೂಗಲ್‌ಗೆ ಹೋಗುವುದು ಎಷ್ಟು, ಅವರ ಕೂಲಿ ಎಷ್ಟು ಎಂಬುದು ದೇವರಿಗೂ ಗೊತ್ತಿರುವುದಿಲ್ಲ.

ರಾಣೆಬೆನ್ನೂರು ಸಮೀಪ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ಹೀಗೆ ಎಂಟು ತಿಂಗಳು ತಿಂಗಳಿಗೆ 10,000 ರೂಪಾಯಿಯಂತೆ ಕಟ್ಟಿದರು. ಮೊದಲ ಎರಡು ತಿಂಗಳು ಫೋನು ಬಂದವು, ಆಮೇಲೆ ಕಡಿಮೆಯಾದವು. ಲೆಕ್ಕ ಕೇಳಿದ್ದಕ್ಕೆ ಏಜೆಂಟ್ ವಾಟ್ಸಾಪಿನಲ್ಲಿ ತಾನೇ ತಯಾರಿಸಿದ ಒಂದು ಹಾಳೆ ಕಳಿಸಿದ. ಬಣ್ಣಬಣ್ಣದ ಗ್ರಾಫು, ಇಂಪ್ರೆಷನ್ ಇಷ್ಟು, ಕ್ಲಿಕ್ ಇಷ್ಟು. ಗೂಗಲ್ ಕೊಟ್ಟ ಬಿಲ್ಲು ಒಂದೂ ಇಲ್ಲ. ಸಾಕಪ್ಪ, ನಮ್ಮ ಖಾತೆ ನಮಗೆ ಕೊಡು ಅಂದಾಗ ಬಂದ ಉತ್ತರ: ‘ಅಕೌಂಟ್ ನಮ್ದು ರೀ, ನೀವು ತಗೊಂಡಿದ್ದು ಬರೇ ಸರ್ವಿಸ್.’ ಅಷ್ಟೇ ಅಲ್ಲ, ಜಾಹೀರಾತಿನಲ್ಲಿ ಇದ್ದ ಫೋನ್ ನಂಬರು ಕೂಡ ಏಜೆಂಟನದೇ. ಅವನ ಸಿಮ್ಮಿಗೆ ಬಂದ ಕರೆ ಇವರಿಗೆ ತಿರುಗುತ್ತಿತ್ತು. ಹಣ ನಿಲ್ಲಿಸಿದ ಮೇಲೆ ಆ ಕರೆಗಳು ಎತ್ತ ತಿರುಗಿದವೋ ಏನೋ. ಎಂಬತ್ತು ಸಾವಿರ ಕೊಟ್ಟು ಆ ಹಿರಿಯರು ಕಟ್ಟಿದ್ದು ಬೇರೆಯವರ ನಂಬರಿನ ಹೆಸರನ್ನು.

ಇದಕ್ಕೆ ‘ಅವರಿಗೆ ತಿಳಿವಳಿಕೆ ಇಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸುಟ್ಟ ಮೋಟಾರಿನ ಸುರುಳಿ ಬಿಚ್ಚಿ, ಸುತ್ತು ಎಣಿಸಿ, ತಂತಿಯ ಗೇಜು ನೋಡಿ ಮತ್ತೆ ಸುತ್ತುವ ಮನುಷ್ಯನಿಗೆ ಗೂಗಲ್ ಖಾತೆ ಅರ್ಥವಾಗುವುದಿಲ್ಲವೇ? ಆಗುತ್ತದೆ. ಕಲಿಸಿಲ್ಲ, ಅಷ್ಟೇ.

ಮೊದಲು ಈ ಜಾಹೀರಾತು ಏನು ಎಂಬುದನ್ನು ನೋಡೋಣ. ನೀವು ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ಮೇಲೆ ಒಂದೆರಡು ಫಲಿತಾಂಶಗಳಿಗೆ ‘ಸ್ಪಾನ್ಸರ್ಡ್’ ಎಂದು ಬರೆದಿರುತ್ತದಲ್ಲ, ಅದು ದುಡ್ಡು ಕೊಟ್ಟ ಜಾಗ. ತೋರಿಸಿದ್ದಕ್ಕೆ ದುಡ್ಡಿಲ್ಲ, ಯಾರಾದರೂ ಒತ್ತಿದರೆ ಮಾತ್ರ ದುಡ್ಡು. ಈ ಪದ್ಧತಿ ಗೂಗಲ್ ಕಂಡುಹಿಡಿದದ್ದೂ ಅಲ್ಲ. 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಮ್ ಎಂಬ ಕಂಪನಿ ಹುಡುಕಾಟದ ಜಾಗವನ್ನು ಕ್ಲಿಕ್ಕಿನ ಲೆಕ್ಕದಲ್ಲಿ ಹರಾಜು ಹಾಕಲು ಶುರು ಮಾಡಿತು. ಗೂಗಲ್ ತನ್ನ ಆ್ಯಡ್‌ವರ್ಡ್ಸ್ ತಂದದ್ದು 2000ದಲ್ಲಿ, ಕ್ಲಿಕ್ಕಿನ ಹರಾಜಿಗೆ ಬಂದದ್ದು 2002ರಲ್ಲಿ. 2018ರಲ್ಲಿ ಅದರ ಹೆಸರು ಗೂಗಲ್ ಆ್ಯಡ್ಸ್ ಆಯಿತು.

ಹರಾಜು ಅಂದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಟೆಂಡರ್ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ, ಒಂದು ವ್ಯತ್ಯಾಸದ ಜೊತೆ. ಅಲ್ಲಿ ಹೆಚ್ಚು ಬರೆದವನಿಗೆ ಮಾಲು. ಇಲ್ಲಿ ಹೆಚ್ಚು ಬರೆದವನೇ ಗೆಲ್ಲಬೇಕೆಂದಿಲ್ಲ. ಹುಡುಕಿದವನ ಮಾತಿಗೂ ನಿಮ್ಮ ಜಾಹೀರಾತಿಗೂ ಎಷ್ಟು ಹೊಂದುತ್ತದೆ, ಒತ್ತಿದ ಮೇಲೆ ತೆರೆದುಕೊಳ್ಳುವ ಪುಟ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನೂ ಸೇರಿಸಿ ಗೂಗಲ್ ಲೆಕ್ಕ ಹಾಕುತ್ತದೆ. ಹಾಗಾಗಿ ಹತ್ತು ರೂಪಾಯಿ ಬರೆದ ಹಳ್ಳಿ ಅಂಗಡಿ ಹದಿನೈದು ಬರೆದ ಪಟ್ಟಣದ ಅಂಗಡಿಗಿಂತ ಮೇಲೆ ಕಾಣಿಸಿಕೊಳ್ಳಬಹುದು. ‘ನಂಬರ್ ಒನ್ ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ. ಈ ಹರಾಜು ಪ್ರತಿ ಹುಡುಕಾಟಕ್ಕೂ ಹೊಸದಾಗಿ ನಡೆಯುತ್ತದೆ.

ಈಗ ಎರಡನೇ ಜಗಳ. ಏಜೆಂಟನ ಬಗ್ಗೆ ಮಾತ್ರ ಬೈದು ಗೂಗಲ್ಲನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಅದರ ಒಡೆಯ ಕಂಪನಿ ಆಲ್ಫಾಬೆಟ್ 2023ರಲ್ಲಿ ಗಳಿಸಿದ ಆದಾಯದಲ್ಲಿ ಮುಕ್ಕಾಲಿಗಿಂತ ಹೆಚ್ಚು ಬಂದದ್ದು ಜಾಹೀರಾತಿನಿಂದ. ನಮ್ಮದೇ ಸ್ಪರ್ಧಾ ಆಯೋಗ 2018ರ ಫೆಬ್ರುವರಿಯಲ್ಲಿ ಹುಡುಕಾಟದಲ್ಲಿ ಪಕ್ಷಪಾತ ಮಾಡಿದ್ದಕ್ಕೆ ಗೂಗಲ್‌ಗೆ 135.86 ಕೋಟಿ ದಂಡ ಹಾಕಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯವೇ ಹುಡುಕಾಟದಲ್ಲೂ ಅದರ ಅಕ್ಷರ ಜಾಹೀರಾತಿನಲ್ಲೂ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪು ಕೊಟ್ಟಿತು. ಇಂಥ ಕಂಪನಿ ಹೊಸಬರಿಗೆ ಖಾತೆ ತೆರೆಯುವ ದಾರಿ ಹೇಗೆ ಮಾಡಿದೆ ನೋಡಿ. ಎಲ್ಲ ಕಡೆ ಮೊದಲೇ ಟಿಕ್ ಹಾಕಿದ ಪೆಟ್ಟಿಗೆಗಳು. ನೀವು ‘ಮುಂದೆ, ಮುಂದೆ’ ಎಂದು ಒತ್ತುತ್ತಾ ಹೋದರೆ ಆ ಟಿಕ್ಕುಗಳು ಒಳಗೆ ಉಳಿಯುತ್ತವೆ. ಅವುಗಳಲ್ಲಿ ಹೆಚ್ಚಿನವು ನಿಮ್ಮ ದುಡ್ಡನ್ನು ಬೇಗ ಖರ್ಚು ಮಾಡುವಂಥವು.

ಹೊಸ ಖಾತೆ ತೆರೆದ ಕೂಡಲೇ ಅದು ನಿಮ್ಮನ್ನು ‘ಸ್ಮಾರ್ಟ್ ಕ್ಯಾಂಪೇನ್’ ಕಡೆಗೆ ತಳ್ಳಬಹುದು. ಸುಲಭ ಎಂಬ ಹೆಸರಿನಲ್ಲಿ ಕೀಲಿಗಳನ್ನೆಲ್ಲ ತಾನೇ ಇಟ್ಟುಕೊಳ್ಳುವ ವ್ಯವಸ್ಥೆ ಅದು. ಆಗ ಪಕ್ಕದಲ್ಲಿ ‘ಎಕ್ಸ್‌ಪರ್ಟ್ ಮೋಡ್’ ಎಂದಿರಬಹುದು. ಹೆಸರು ಕೇಳಿಯೇ ನಮ್ಮವರು ಹೆದರುತ್ತಾರೆ. ಹೆದರಬೇಡಿ, ಅದನ್ನೇ ಒತ್ತಿ. ಅಲ್ಲಿ ‘ಸರ್ಚ್’ ಎಂಬ ಬಗೆಯ ಕ್ಯಾಂಪೇನ್ ಆರಿಸಿ. ‘ಡಿಸ್‌ಪ್ಲೇ ನೆಟ್‌ವರ್ಕ್’ ಎಂಬ ಪೆಟ್ಟಿಗೆಯ ಟಿಕ್ ತೆಗೆಯಿರಿ, ಇಲ್ಲದಿದ್ದರೆ ನಿಮ್ಮ ಜಾಹೀರಾತು ಮೋಟಾರ್ ಬೇಕಾದವನ ಮುಂದೆ ಮಾತ್ರ ಅಲ್ಲ, ಯಾವುದೋ ವೆಬ್‌ಸೈಟಿನಲ್ಲಿ ಜ್ಯೋತಿಷ್ಯ ಓದುವವನ ಬೆರಳಿಗೂ ಸಿಗುತ್ತದೆ. ‘ಸರ್ಚ್ ಪಾರ್ಟ್ನರ್ಸ್’ ಟಿಕ್ಕನ್ನೂ ಸದ್ಯಕ್ಕೆ ತೆಗೆಯಿರಿ.

ಊರು ಆರಿಸುವ ಕಡೆ ಇನ್ನೊಂದು ಬಲೆ ಇದೆ. ರಾಣೆಬೆನ್ನೂರಿನ ಸುತ್ತ 30 ಕಿಲೋಮೀಟರ್ ಎಂದು ನೀವು ಹಾಕುತ್ತೀರಿ. ಹರಿಹರ, ಬ್ಯಾಡಗಿ ಒಳಗೆ ಬಂದವು, ಸರಿ. ಆದರೆ ಕೆಳಗೆ ಮಡಚಿಟ್ಟ ಆಯ್ಕೆಯಲ್ಲಿ ‘ಪ್ರೆಸೆನ್ಸ್ ಆರ್ ಇಂಟರೆಸ್ಟ್’ ಎಂದು ಮೊದಲೇ ಗುರುತಾಗಿರುತ್ತದೆ. ಅಂದರೆ ಆ ಜಾಗದಲ್ಲಿ ಇರುವವರಿಗೆ ಮಾತ್ರವಲ್ಲ, ಆ ಜಾಗದಲ್ಲಿ ಆಸಕ್ತಿ ತೋರಿಸಿದವರಿಗೂ ತೋರಿಸುತ್ತದೆ. ಬೆಂಗಳೂರಿನಲ್ಲಿ ಕುಳಿತು ಊರಿನ ಬಗ್ಗೆ ಹುಡುಕುವ ನಮ್ಮ ತಮ್ಮನ ಕ್ಲಿಕ್ಕಿಗೂ ವೈಂಡಿಂಗ್ ಅಂಗಡಿ ದುಡ್ಡು ಕೊಡಬೇಕು. ‘ಪ್ರೆಸೆನ್ಸ್’ ಮಾತ್ರ ಇರಿಸಿ. ಸಕಲೇಶಪುರದ ಹೋಂಸ್ಟೇ ಆದರೆ ಮಾತು ಬೇರೆ, ಅವರ ಗಿರಾಕಿ ಇರುವುದೇ ಬೆಂಗಳೂರಿನಲ್ಲಿ. ಅವರು ಸಕಲೇಶಪುರದ ಬದಲು ಬೆಂಗಳೂರನ್ನೇ ಹಾಕಬೇಕು. ಈ ವ್ಯತ್ಯಾಸ ಪ್ಯಾಕೇಜ್ ಏಜೆಂಟನಿಗೆ ಬೇಕಿಲ್ಲ, ಎಲ್ಲರಿಗೂ ಒಂದೇ ಅಂಗಿ ಹೊಲಿಯುತ್ತಾನೆ.

ಎಲ್ಲಕ್ಕಿಂತ ಹೆಚ್ಚು ದುಡ್ಡು ಸೋರುವುದು ಕೀವರ್ಡ್‌ನಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೀವರ್ಡ್ ಅಂದರೆ ಗಿರಾಕಿ ಏನು ಟೈಪ್ ಮಾಡಿದಾಗ ನಿಮ್ಮ ಜಾಹೀರಾತು ಬರಬೇಕು ಎಂಬ ಮಾತು. ನೀವು ‘ಮೋಟಾರ್ ವೈಂಡಿಂಗ್’ ಎಂದು ಸುಮ್ಮನೆ ಬರೆದರೆ ಗೂಗಲ್ ಅದನ್ನು ‘ಬ್ರಾಡ್ ಮ್ಯಾಚ್’ ಎಂದು ತಿಳಿಯುತ್ತದೆ. ಆ ಮಾತಿಗೆ ಹತ್ತಿರದ್ದು ಎಂದು ತನಗೆ ಅನ್ನಿಸಿದ ಯಾವ ಹುಡುಕಾಟಕ್ಕೂ ನಿಮ್ಮನ್ನು ತೋರಿಸುತ್ತದೆ. ಮೋಟಾರ್ ವೈಂಡಿಂಗ್ ಕೋರ್ಸ್, ವೈಂಡಿಂಗ್ ಡೇಟಾ ಪಿಡಿಎಫ್, ವೈಂಡಿಂಗ್ ಕೆಲಸ ಖಾಲಿ, ತಾಮ್ರದ ತಂತಿ ಕೆಜಿಗೆ ಎಷ್ಟು. ಇವರ‍್ಯಾರೂ ಸುಟ್ಟ ಮೋಟಾರ್ ಹಿಡಿದುಕೊಂಡು ಬರುವವರಲ್ಲ. ಐಟಿಐ ಹುಡುಗ ಪರೀಕ್ಷೆಗೆ ಓದಲು ಒತ್ತಿದ ಒಂದು ಕ್ಲಿಕ್ಕಿಗೆ ಅಂಗಡಿಯವರ ಹನ್ನೆರಡು ರೂಪಾಯಿ ಹೋಯಿತು ಅಂದುಕೊಳ್ಳಿ. ದಿನಕ್ಕೆ ಹತ್ತು ಜನ ಹೀಗೆ ಒತ್ತಿದರೆ?

ಅದಕ್ಕೆ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು, ಆಗ ಆ ಅರ್ಥದ ಮಾತು ಇರುವ ಹುಡುಕಾಟಕ್ಕೆ ಮಾತ್ರ ಬರುತ್ತದೆ. ಚೌಕ ಆವರಣದೊಳಗೆ ಬರೆದರೆ ಇನ್ನೂ ಬಿಗಿ. ಜೊತೆಗೆ ‘ನೆಗೆಟಿವ್ ಕೀವರ್ಡ್’ ಎಂಬ ಪಟ್ಟಿ ಇದೆ. ಕೋರ್ಸ್, ಕೆಲಸ, ಸಂಬಳ, ಪಿಡಿಎಫ್, ಉಚಿತ, ಈ ಮಾತುಗಳು ಇದ್ದರೆ ನನ್ನನ್ನು ತೋರಿಸಬೇಡ ಎಂದು ಹೇಳುವ ಪಟ್ಟಿ. ವಾರಕ್ಕೊಮ್ಮೆ ‘ಸರ್ಚ್ ಟರ್ಮ್ಸ್’ ಎಂಬ ಪುಟ ತೆಗೆದರೆ ಜನ ನಿಜವಾಗಿ ಏನು ಟೈಪ್ ಮಾಡಿ ನಿಮ್ಮನ್ನು ಒತ್ತಿದರು ಎಂದು ಕಾಣುತ್ತದೆ. 2020ರಿಂದ ಗೂಗಲ್ ಕಡಿಮೆ ಜನ ಹುಡುಕಿದ ಮಾತುಗಳನ್ನು ಅಲ್ಲಿ ತೋರಿಸುವುದನ್ನು ಬಿಟ್ಟಿದೆ. ದುಡ್ಡು ನಿಮ್ಮದು, ಲೆಕ್ಕ ಮಾತ್ರ ಅರ್ಧಂಬರ್ಧ. ಇರಲಿ, ಕಾಣಿಸುವಷ್ಟನ್ನಾದರೂ ನೋಡಬೇಕು. ಖಾತೆ ಏಜೆಂಟನ ಬಳಿ ಇದ್ದರೆ ಆ ಅರ್ಧವೂ ನಿಮಗೆ ಕಾಣುವುದಿಲ್ಲ, ನನ್ನ ಮುಖ್ಯ ತಕರಾರು ಅದೇ.

ಇನ್ನು ನಮ್ಮ ಭಾಷೆ. ನಮ್ಮವರು ಕನ್ನಡ ಅಕ್ಷರದಲ್ಲಿ ಹುಡುಕುತ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಹುಡುಕುತ್ತಾರೆ, ಮೈಕ್ ಒತ್ತಿ ಮಾತಾಡಿ ಹುಡುಕುತ್ತಾರೆ. ಬೆಂಗಳೂರಿನಿಂದ ರೆಡಿಮೇಡ್ ಕೀವರ್ಡ್ ಪಟ್ಟಿ ತರಿಸಿಕೊಳ್ಳುವ ಏಜೆಂಟನಿಗೆ ‘ಬೋರ್ ಮೋಟಾರ್ ಸುಟ್ಟೈತಿ’ ಎಂದು ಯಾರಾದರೂ ಟೈಪ್ ಮಾಡಬಹುದು ಎಂಬುದು ಹೊಳೆಯುವುದಿಲ್ಲ. ಅಂಗಡಿಯವರಿಗೆ ಹೊಳೆಯುತ್ತದೆ, ದಿನಾ ಫೋನಿನಲ್ಲಿ ಕೇಳುವ ಮಾತೇ ಅದು. ಈ ವಿಷಯದಲ್ಲಿ ಪರಿಣತರು ಅವರೇ.

ದುಡ್ಡಿನ ಲೆಕ್ಕಕ್ಕೆ ಬರೋಣ. ದಿನಕ್ಕೆ 100 ರೂಪಾಯಿ ಮಿತಿ ಎಂದು ಹಾಕಿದರೆ ಒಂದೊಂದು ದಿನ 200ರ ತನಕ ಹೋಗಬಹುದು, ಗಾಬರಿಯಾಗಬೇಡಿ. ತಿಂಗಳಿಗೆ ದಿನದ ಮಿತಿಯ 30.4 ಪಟ್ಟು, ಅಂದರೆ 3,040 ದಾಟಿ ಬಿಲ್ ಮಾಡುವಂತಿಲ್ಲ ಎಂಬುದು ಗೂಗಲ್‌ನದೇ ನಿಯಮ. ಅದರ ಮೇಲೆ ಶೇ 18 ಜಿಎಸ್‌ಟಿ. ಮೊದಲೇ ಹಣ ತುಂಬುವ ಪದ್ಧತಿಯಲ್ಲಿ 1,000 ಹಾಕಿದರೆ ಜಾಹೀರಾತಿಗೆ ಸಿಗುವುದು ಸುಮಾರು 847. ಜಿಎಸ್‌ಟಿ ನೋಂದಣಿ ಇರುವವರು ನಂಬರ್ ಖಾತೆಗೆ ಸೇರಿಸಿದರೆ ಆ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಹಿಂಪಡೆಯಬಹುದು. ಕಂಪೊಸಿಷನ್‌ನಲ್ಲಿ ಇರುವವರಿಗೆ, ನೋಂದಣಿಯೇ ಇಲ್ಲದವರಿಗೆ ಅದು ಹೋದಂತೆ. ಖಾತೆ ಏಜೆಂಟನ ಹೆಸರಲ್ಲಿದ್ದರೆ ಗೂಗಲ್‌ನ ಬಿಲ್ಲೂ ಅವನ ಹೆಸರಿಗೇ ಬರುತ್ತದೆ.

ಆಮೇಲೆ ಒಂದು ಪ್ರಶ್ನೆ ಯಾವ ಏಜೆಂಟನೂ ಕೇಳುವುದಿಲ್ಲ: ನಿಮ್ಮ ವ್ಯಾಪಾರಕ್ಕೆ ಈ ಜಾಹೀರಾತು ಗಿಟ್ಟುತ್ತದೆಯೇ? ಒಂದು ಕ್ಲಿಕ್ಕಿಗೆ ಹತ್ತು ರೂಪಾಯಿ ಎಂದುಕೊಳ್ಳಿ. ಇಪ್ಪತ್ತು ಜನ ಒತ್ತಿದರೆ ನಾಲ್ಕು ಜನ ಫೋನ್ ಮಾಡಿ, ಒಬ್ಬ ಬಂದ ಎಂದುಕೊಳ್ಳಿ. ಆ ಒಬ್ಬ ಗಿರಾಕಿಗೆ 200 ರೂಪಾಯಿ ಬಿತ್ತು. ಒಂದು ಮೋಟಾರ್ ವೈಂಡಿಂಗ್‌ನಲ್ಲಿ ಎಲ್ಲ ಖರ್ಚು ಕಳೆದು 800 ಉಳಿಯುವುದಾದರೆ ವ್ಯಾಪಾರ ಗಿಟ್ಟಿತು. ಅದೇ ಖಡಕ್ ರೊಟ್ಟಿ ಮಾಡಿ ಮಾರುವ ಸ್ವಸಹಾಯ ಸಂಘದ ಅಕ್ಕಂದಿರನ್ನು ನೋಡಿ. ಒಂದು ಪ್ಯಾಕೆಟ್ಟಿಗೆ ಉಳಿಯುವುದೇ ಹತ್ತಿಪ್ಪತ್ತು ರೂಪಾಯಿ. ಅವರಿಗೆ ‘ಜೋಳದ ರೊಟ್ಟಿ’ ಎಂಬ ಕೀವರ್ಡ್ ಹಾಕಿಕೊಟ್ಟರೆ ಒತ್ತುವವರಲ್ಲಿ ಬಹುಪಾಲು ರೊಟ್ಟಿ ಮಾಡುವುದು ಹೇಗೆ ಎಂದು ಹುಡುಕುವವರು. ಸಂಘದ ಉಳಿತಾಯ ಕರಗುತ್ತದೆ, ರೊಟ್ಟಿ ಹಾಗೇ ಉಳಿಯುತ್ತದೆ. ಅವರು ಜಾಹೀರಾತು ಕೊಡುವುದೇ ಆದರೆ ಮದುವೆ, ಜಾತ್ರೆ, ಖಾನಾವಳಿಯ ಸಗಟು ಆರ್ಡರಿಗೆ ಮಾತ್ರ ಕೊಡಬೇಕು, ‘ಮಾಡುವ ವಿಧಾನ’, ‘ರೆಸಿಪಿ’ ಎರಡನ್ನೂ ನೆಗೆಟಿವ್ ಪಟ್ಟಿಗೆ ಹಾಕಬೇಕು. ನಾನಾಗಿದ್ದರೆ ಅವರಿಗೆ ಕೊಡಬೇಡಿ ಎಂದೇ ಹೇಳುತ್ತೇನೆ.

ಯಾಕೆಂದರೆ ದುಡ್ಡಿಲ್ಲದ ದಾರಿ ಮೊದಲು ಮುಗಿಯಬೇಕು. ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ಮ್ಯಾಪಿನಲ್ಲಿ ಅಂಗಡಿ, ಫೋಟೊ, ಸಮಯ, ಫೋನ್ ನಂಬರು, ಗಿರಾಕಿಗಳ ಅಭಿಪ್ರಾಯ ಎಲ್ಲ ಬರುತ್ತದೆ. ಇದನ್ನೂ ‘ಗೂಗಲ್ ರಿಜಿಸ್ಟ್ರೇಷನ್ ಶುಲ್ಕ’ ಎಂದು ಹೇಳಿ ಸಾವಿರಗಟ್ಟಲೆ ವಸೂಲಿ ಮಾಡುವವರಿದ್ದಾರೆ. ಗೂಗಲ್ ಇದಕ್ಕೆ ಒಂದು ಪೈಸೆ ಕೇಳುವುದಿಲ್ಲ. ಮಾಡಿಕೊಟ್ಟ ಶ್ರಮಕ್ಕೆ ಕೂಲಿ ಕೇಳಲಿ, ಅದು ನ್ಯಾಯ. ಶುಲ್ಕ ಎಂದು ಹೇಳಿದರೆ ಅದು ಮೋಸ.

‘ಹಳ್ಳಿಗೆ ಇದೆಲ್ಲ ಯಾಕೆ, ಬಾಯಿಂದ ಬಾಯಿಗೆ ಹೋದರೆ ಸಾಕು’ ಎನ್ನುವ ಹಿರಿಯರೂ ಇದ್ದಾರೆ. ಅವರ ಮಾತು ನಾಲ್ಕು ಊರಿನ ಮಟ್ಟಿಗೆ ಸರಿ. ಆದರೆ ಗೋವಿನಜೋಳಕ್ಕೆ ನೀರು ಬಿಡುವ ಹೊತ್ತಿನಲ್ಲಿ ರಾತ್ರಿ ಮೋಟಾರ್ ಸುಟ್ಟರೆ ಮನೆಯ ಹುಡುಗ ಮೊದಲು ಹಿಡಿಯುವುದು ಮೊಬೈಲನ್ನು. ಆಗ ಮೇಲೆ ಬರುವುದು ಹತ್ತು ಕಿಲೋಮೀಟರ್ ದೂರದ ನಮ್ಮ ಅಂಗಡಿಯೋ, ಕಮಿಷನ್ ಹಿಡಿದು ನಂಬರ್ ಮಾರುವ ದೂರದ ಕಂಪನಿಯೋ? ಆ ಜಾಗವನ್ನು ನಾವು ಬಿಟ್ಟುಕೊಟ್ಟರೆ ಅದು ಖಾಲಿ ಉಳಿಯುವುದಿಲ್ಲ.

ನನ್ನದೂ ಒಂದು ಹಿತಾಸಕ್ತಿ ಇದೆ, ಮುಚ್ಚಿಡುವುದಿಲ್ಲ. ಜಿಲ್ಲಾ ಮಟ್ಟದ ಸ್ಟ್ರಿಂಗರ್‌ಗಳಾದ ನಮಗೆ ಸುದ್ದಿಗೆ ಸಿಗುವುದು ಕಡಿಮೆ, ಯುಗಾದಿ, ದೀಪಾವಳಿ ಪುರವಣಿಗೆ ಜಾಹೀರಾತು ತಂದರೆ ಕಮಿಷನ್ ಸಿಗುತ್ತದೆ. ಅಂಗಡಿಯವರು ಗೂಗಲ್ ಕಡೆ ಹೋದರೆ ನಮ್ಮ ಕಮಿಷನ್ ಕಡಿಮೆಯಾಗುತ್ತದೆ. ಹಾಗಿದ್ದರೂ ಇದನ್ನು ಬರೆಯುತ್ತಿದ್ದೇನೆ. ಪುರವಣಿಯಲ್ಲಿ ಕಾಲು ಪುಟದ ಶುಭಾಶಯ ಹಾಕಿಸಿದರೆ ಎಷ್ಟು ಗಿರಾಕಿ ಬಂದರು ಎಂದು ನಾವೂ ಯಾವತ್ತೂ ಲೆಕ್ಕ ಕೊಟ್ಟವರಲ್ಲ ಎಂಬುದನ್ನು ಏಜೆಂಟರು ನೆನಪಿಸುವ ಮೊದಲೇ ಹೇಳಿಬಿಡುತ್ತೇನೆ.

ಉದ್ಯಮಶೀಲತೆಯ ತರಬೇತಿ ನಡೆಸುವವರಿಗೆ ಒಂದು ಮಾತು. ದೀಪ ಬೆಳಗಿಸಿ, ಪ್ರೊಜೆಕ್ಟರಿನಲ್ಲಿ ‘ಡಿಜಿಟಲ್ ಯುಗ’ ತೋರಿಸಿ, ಊಟ ಹಾಕಿ, ಸರ್ಟಿಫಿಕೇಟ್ ಕೊಟ್ಟು ಕಳಿಸುವ ತರಬೇತಿಗಳ ಸುದ್ದಿ ಬರೆದು ನನಗೆ ಸಾಕಾಗಿದೆ. ಆ ಒಂದು ದಿನದಲ್ಲಿ ಪ್ರತಿಯೊಬ್ಬರ ಮೊಬೈಲಿನಲ್ಲಿ, ಅವರದೇ ಜಿಮೇಲ್‌ನಿಂದ, ಅವರದೇ ಹೆಸರಿನಲ್ಲಿ ಖಾತೆ ತೆರೆಸಿ ಕಳಿಸಿ. ಪಾಸ್‌ವರ್ಡ್ ಎಲ್ಲಿ ಬರೆದಿಟ್ಟುಕೊಳ್ಳಬೇಕು, ಎರಡು ಹಂತದ ಭದ್ರತೆ ಹೇಗೆ ಹಾಕಬೇಕು ಎಂದು ತೋರಿಸಿ. ಸ್ಲೈಡ್ ಕಡಿಮೆಯಾದರೂ ಚಿಂತೆಯಿಲ್ಲ.

ಏಜೆಂಟ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಎಲ್ಲರಿಗೂ ಕುಳಿತು ನೋಡಲು ಪುರುಸೊತ್ತು ಇರುವುದಿಲ್ಲ. ಆದರೆ ಖಾತೆ ನೀವು ತೆರೆಯಿರಿ, ‘ಅಡ್ಮಿನ್’ ನೀವಾಗಿರಿ. ಏಜೆಂಟರ ಬಳಿ ‘ಮ್ಯಾನೇಜರ್ ಅಕೌಂಟ್’ ಎಂಬುದು ಇರುತ್ತದೆ, ಅದರಿಂದ ನಿಮ್ಮ ಖಾತೆಗೆ ಜೋಡಣೆ ಕೇಳಬಹುದು. ನೀವು ಒಪ್ಪಿದರೆ ಕೆಲಸ ಮಾಡುತ್ತಾರೆ, ಬೇಡವಾದ ದಿನ ಜೋಡಣೆ ಕಿತ್ತುಹಾಕಿದರೆ ಆಯಿತು. ಖಾತೆ, ಹಳೆಯ ಲೆಕ್ಕ, ಕಲಿತ ಪಾಠ ಎಲ್ಲ ನಿಮ್ಮಲ್ಲೇ ಉಳಿಯುತ್ತದೆ. ಗೂಗಲ್‌ಗೆ ಹಣ ನಿಮ್ಮ ಯುಪಿಐ ಅಥವಾ ಕಾರ್ಡಿನಿಂದ ಹೋಗಲಿ, ಏಜೆಂಟನ ಕೂಲಿ ಬೇರೆ ಕೊಡಿ. ಜಾಹೀರಾತಿನಲ್ಲಿ ಇರುವುದು ನಿಮ್ಮದೇ ನಂಬರ್ ಆಗಿರಲಿ, ನೀವು ಫೋನ್ ಎತ್ತುವ ಹೊತ್ತಿನಲ್ಲಿ ಮಾತ್ರ ಜಾಹೀರಾತು ಓಡಲಿ. ಶುರುವಿನಲ್ಲಿ ಕ್ಲಿಕ್ಕಿಗೆ ಇಷ್ಟಕ್ಕಿಂತ ಹೆಚ್ಚು ಬೇಡ ಎಂದು ಒಂದು ಮಿತಿ ಹಾಕಿ. ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಟ್ಟು ಬಂದವರನ್ನೆಲ್ಲ ‘ಎಲ್ಲಿ ನೋಡಿ ಬಂದ್ರಿ?’ ಎಂದು ಕೇಳಿ ಗೀಟು ಹಾಕಿ. ಗೂಗಲ್ ಕಡೆಯವರು ಎಂದು ಫೋನ್ ಮಾಡಿ ‘ಆಪ್ಟಿಮೈಸೇಷನ್ ಸ್ಕೋರ್ ಕಡಿಮೆ ಇದೆ, ಬಜೆಟ್ ಹೆಚ್ಚಿಸಿ’ ಎಂದರೆ ನೋಟ್‌ಬುಕ್ಕಿನ ಗೀಟು ಎಣಿಸಿ ಉತ್ತರ ಕೊಡಿ. ಶಿಫಾರಸುಗಳನ್ನು ತಾನೇ ಜಾರಿ ಮಾಡುವ ‘ಆಟೊ ಅಪ್ಲೈ’ ಬಂದ್ ಮಾಡಿ.

ಈಗಾಗಲೇ ಏಜೆಂಟರಿಗೆ ಹಣ ಕಟ್ಟುತ್ತಿರುವವರು ಇವತ್ತೇ ಒಂದು ಮೆಸೇಜ್ ಕಳಿಸಿ. ಪ್ರತಿ ಗೂಗಲ್ ಆ್ಯಡ್ಸ್ ಖಾತೆಗೂ ಹತ್ತು ಅಂಕಿಯ ಒಂದು ನಂಬರ್ ಇರುತ್ತದೆ, ಖಾತೆ ತೆರೆದಾಗ ಪರದೆಯ ಮೇಲ್ಭಾಗದಲ್ಲೇ ಕಾಣುತ್ತದೆ. ಆ ನಂಬರನ್ನೂ, ಕಳೆದ ತಿಂಗಳು ಗೂಗಲ್ ಕೊಟ್ಟ ಬಿಲ್ಲನ್ನೂ ಕಳಿಸಿ ಎಂದು ಕೇಳಿ, ನಿಮ್ಮ ಜಿಮೇಲ್ ಕೊಟ್ಟು ಅಡ್ಮಿನ್ ಮಾಡಲು ಹೇಳಿ. ಎರಡು ನಿಮಿಷದ ಕೆಲಸ ಅದು. ಎರಡು ದಿನ ಕಾದು ನೋಡಿ, ಬರದಿದ್ದರೆ ಮುಂದಿನ ತಿಂಗಳ ಹಣ ಹಾಕಬೇಡಿ.